ಹೆಸರಿನ ಮುಂದಿನ ಮೂರು ಮಾತ್ರೆ

ಯಲ್ಲದಕೆರೆ
ಪರಾಭವ ಸಂವತ್ಸರದ ಕಾರ್ತಿಕ ಬಹುಳ ಪಂಚಮಿ, ೧೯೦೬ನೇ ಇಸವಿ

ಪೂಜ್ಯ ಸೋದರಮಾವನವರಿಗೆ ಏಕನಾಥಮ್ಮನ ಶರಣು.

ಇಲ್ಲಿ ಎಲ್ಲರೂ ಕ್ಷೇಮ, ನನ್ನೊಬ್ಬಳನ್ನು ಬಿಟ್ಟು. ಹೊಸದುರ್ಗದವರು ಬಂದು ನೋಡಿಕೊಂಡು ಹೋದರು. ಮಾಘದಲ್ಲಿ ಮದುವೆ ಎಂದು ವೀಳ್ಯವೂ ಬದಲಾಯಿತು. ಅಪ್ಪ ಮಾರಿಕಣಿವೆಯ ಕಟ್ಟೆ ಕೆಲಸಕ್ಕೆ ಸುಣ್ಣದ ಗಾಡಿ ಹೊಡೆಸುವುದನ್ನೂ ಬಿಟ್ಟು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ನಡೆದದ್ದು ಕೇಳಿ. ಅವರು ಬಂದಾಗ ನನ್ನ ಹೆಸರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೇಳಿಬಿಟ್ಟಳು. ಅಡಿಗೆ ಬರುತ್ತಾ ಅಂದರು, ಅದಕ್ಕೂ ಅವ್ವನೇ. ಅಪ್ಪ ನಗುತ್ತಾ, "ನಮ್ ಹುಡುಗಿ ಮಾತು ಕಮ್ಮಿ ಕಣ್ರಿ" ಅಂದರು. ಹುಡುಗನ ಅಜ್ಜಿ ಅನ್ನಪೂರ್ಣಮ್ಮನವರು ನನ್ನ ಗಲ್ಲ ಹಿಡಿದು, "ಮಾತು ಕಮ್ಮಿ ಇರೋ ಸೊಸೆ ಸಿಗೋದೇ ಕಷ್ಟ ಐತೆ ಈ ಕಾಲ್ದಾಗೆ" ಅಂದರು. ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನದು ಮಾತು ಕಮ್ಮಿಯಲ್ಲ ಮಾವ, ಮಾತು ನಿಲ್ಲುವುದು. ಅದು ನಿಮಗೆ ಗೊತ್ತು. ನಿಮ್ಮ ಮನೆಯಲ್ಲಿದ್ದು ಅಕ್ಷರ ಕಲಿತಾಗ 'ಪ' ಎನ್ನಲು ನಾನು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದೆ ಎಂದು ನೀವು ಮರೆತಿರಲಾರಿರಿ. ಈಗ ನೋಡಿ, ಹುಡುಗನ ಹೆಸರು ಪಂಚಾಕ್ಷರಪ್ಪ!

ಇನ್ನೂ ಕೇಳಿ. ಆ ಮನೆಯಲ್ಲಿ ಸೊಸೆ ಹೊಸ್ತಿಲು ದಾಟುವ ಮುಂಚೆ ಒಡಪು ಕಟ್ಟಿ, ಪದ್ಯದೊಳಗೆ ಸೇರಿಸಿ, ಗಂಡನ ಹೆಸರು ಹೇಳಬೇಕಂತೆ. ಆಮೇಲೆ ಗಂಡ ಹೆಂಡತಿಯ ಹೆಸರು ಹೇಳಬೇಕು. ಎಲ್ಲ ಕಡೆಯೂ ಇದೆ, ಆದರೆ ಬೇರೆಯವರ ಮನೆಯಲ್ಲಿ ಅದೊಂದು ತಮಾಷೆ. ಈ ಅಜ್ಜಿ ಮಾತ್ರ, ಒಡಪು ಚೆನ್ನಾಗಿಲ್ಲ ಎಂದು ಒಬ್ಬ ಸೊಸೆಯನ್ನು ದೀಪ ಹಚ್ಚುವ ಹೊತ್ತಿನವರೆಗೆ ಹೊರಗೇ ನಿಲ್ಲಿಸಿದ್ದರಂತೆ. ಅಲ್ಲಿ ಅವ್ವ ನನ್ನ ಬದಲು ಹೇಳಲು ಆಗುವುದಿಲ್ಲ. ನೆಂಟರೆಲ್ಲರ ಮುಂದೆ ನಾನು ಪ ಪ ಪ ಎಂದು ನಿಂತರೆ ನಮ್ಮನ್ನು ಮೋಸಗಾರರು ಎನ್ನುತ್ತಾರೆ, ಬಂದ ಗಾಡಿಯಲ್ಲೇ ವಾಪಸು ಕಳಿಸುತ್ತಾರೆ.

ಕಾಗದದಲ್ಲಿ ನಾನು ಎಲ್ಲಿಯೂ ನಿಲ್ಲುವುದಿಲ್ಲ, ನೋಡಿದಿರಲ್ಲ. ನೀವು ಛಂದಸ್ಸು ತಿಳಿದವರು. ನನ್ನ ನಾಲಗೆಯಿಂದ ಆ ಹೆಸರು ದಾಟುವಂಥ ಒಂದು ಒಡಪು ಕಟ್ಟಿಕೊಡಿ.

ಹುಡುಗ ನನ್ನನ್ನು ಸರಿಯಾಗಿ ನೋಡಿದರೋ ಇಲ್ಲವೋ ತಿಳಿಯದು. ನಾನು ನೋಡಿದೆ. ಒಳ್ಳೆಯವರ ಹಾಗೆ ಕಾಣುತ್ತಾರೆ. ಈಗ ಅದೇ ಕಷ್ಟವಾಗಿರುವುದು.

ನಿಮ್ಮ ಸೊಸೆ,
ಏಕನಾಥಮ್ಮ


ಹೊಳಲ್ಕೆರೆ
ಕಾರ್ತಿಕ ಬಹುಳ ದ್ವಾದಶಿ

ಚಿ. ಏಕನಾಥಮ್ಮನಿಗೆ ಏಕಾಂತಪ್ಪನ ಆಶೀರ್ವಾದ.

ಹೆದರಬೇಡ. ಇದು ನನ್ನ ಕೈಯಲ್ಲಿ ಆಗುವ ಕೆಲಸ. ನಿನ್ನ ಅಪ್ಪ ಗಾಡಿಗೆ ಎತ್ತು ಹುಡುಕಿದಷ್ಟು ಕಷ್ಟವೂ ನನಗೆ ಆಗಲಿಲ್ಲ. ಶಾಲೆಯಲ್ಲಿ ಹುಡುಗರಿಗೆ ಲೆಕ್ಕ ಬರೆಸಿ ಕೂತು ವಾರ್ಧಕ ಷಟ್ಪದಿಯಲ್ಲಿ ಒಂದು ಪದ್ಯ ಕಟ್ಟಿದ್ದೇನೆ. ಐದೈದು ಮಾತ್ರೆಯ ಗಂಭೀರ ನಡಿಗೆ. ಹೆಸರನ್ನು ಪದ್ಯದ ತಲೆಯಲ್ಲೇ ಕೂರಿಸಿದ್ದೇನೆ. ಯಾಕೆಂದರೆ 'ಪಂಚಾಕ್ಷ' ಎಂಬುದು ಸರಿಯಾಗಿ ಐದು ಮಾತ್ರೆ, ಯಾರೋ ಅಳೆದು ಇಟ್ಟಂತಿದೆ! ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕೆಂಬ ಪ್ರಾಸದ ನಿಯಮವನ್ನು ಆರು ಸಾಲಿನಲ್ಲೂ ಪಾಲಿಸಿದ್ದೇನೆ. ಮೊದಲೆರಡು ಸಾಲು ಇಲ್ಲಿವೆ, ಉಳಿದವು ಬೇರೆ ಹಾಳೆಯಲ್ಲಿವೆ:

ಪಂಚಾಕ್ಷರಪ್ಪನಡಿಯಂ ಭಜಿಸಿ ಬಂದೆನಾಂ
ಮಿಂಚಿನಂದದಿ ಬೆಳಗುವೀ ಮನೆಯ ಹೊಸ್ತಿಲಂ

ಇಂಥ ಒಡಪನ್ನು ಹೊಸದುರ್ಗ ಕೇಳಿರಲಾರದು. ಅನ್ನಪೂರ್ಣಮ್ಮನವರು ಬಾಗಿಲು ತೆಗೆಯುವುದಿರಲಿ, ಬಾಗಿಲನ್ನೇ ಕಿತ್ತುಕೊಟ್ಟಾರು. ದಿನಕ್ಕೆ ಹತ್ತು ಸಲ ಬಾಯಿಪಾಠ ಮಾಡು.

ಇತಿ,
ಏಕಾಂತಪ್ಪ


ಯಲ್ಲದಕೆರೆ
ಮಾರ್ಗಶಿರ ಶುದ್ಧ ಷಷ್ಠಿ

ಮಾವನವರಿಗೆ ಶರಣು.

ನಿಮ್ಮ ಷಟ್ಪದಿ ತುಂಬಾ ಚೆನ್ನಾಗಿದೆ. ಓದುವಾಗ ಎಲ್ಲಿಯೂ ತಡೆಯಲಿಲ್ಲ, ಯಾಕೆಂದರೆ ಕಣ್ಣಿನಲ್ಲಿ ಓದಿದೆ.

ಬಾಯಲ್ಲಿ ಹೇಳಲು ಯಾರೂ ಇಲ್ಲದ ಜಾಗ ಬೇಕೆಂದು ಕೊಟ್ಟಿಗೆಗೆ ಹೋದೆ. ಅಲ್ಲಿ ಎಮ್ಮೆಯೊಂದೇ ಇತ್ತು. ಪ ಎಂದೆ. ಇನ್ನೊಮ್ಮೆ ಪ ಎಂದೆ. ಎಮ್ಮೆ ಮೇವು ಬಿಟ್ಟು ತಿರುಗಿ ನೋಡಿತು. ಬೆವರು ಬಂತೇ ಹೊರತು 'ಪಂಚಾ' ಬರಲಿಲ್ಲ. ಕೊನೆಗೆ ಸಿಟ್ಟು ಬಂದು ಗೂಟಕ್ಕೆ ಒದ್ದೆ. ಪಕ್ಕದ ಮನೆಯ ಓಬಮ್ಮ ಗೋಡೆಯ ಮೇಲಿಂದ ಇಣುಕಿ, "ಏನ್ ತಾಯಿ, ಎಮ್ಮೆ ಜೊತೆ ಜಗಳಕ್ಕೆ ನಿಂತಿದೀಯಾ?" ಅಂದಳು. ಅಳುವಿನ ಜೊತೆಗೆ ನಗುವೂ ಬಂತು.

ಮಾವ, ಸಿಟ್ಟಾಗಬೇಡಿ. ನೀವು ಹೆಸರನ್ನು ಪದ್ಯದ ತಲೆಯಲ್ಲಿ ಕೂರಿಸಿದ್ದೀರಿ. ನಾನು ನಿಲ್ಲುವುದು ತಲೆಯಲ್ಲೇ! ಒಮ್ಮೆ ಹೊರಟರೆ ಹೋಗುತ್ತೇನೆ, ಹೊರಡುವುದೇ ಆಗುವುದಿಲ್ಲ. ಇನ್ನು ನಿಮ್ಮ ಪ್ರಾಸ. ಪ್ರತಿ ಸಾಲಿಗೂ ಅದೇ 'ಂಚ' ಬರುತ್ತದೆಂದು ಗೊತ್ತಾದ ಮೇಲೆ ನಾಲಗೆ ಮುಳ್ಳು ಕಂಡ ಕಾಲಿನ ಹಾಗೆ ಮೊದಲೇ ಹಿಂದಕ್ಕೆ ಸರಿಯುತ್ತದೆ.

ಆದರೆ ಒಂದು ಸಂಗತಿ ಕಂಡೆ. ನಿನ್ನೆ ಓಬಮ್ಮನೂ ನಾನೂ ನವಣೆ ಕುಟ್ಟುತ್ತಿದ್ದೆವು. ಒನಕೆಯ ಪದ ಹೇಳುತ್ತಾ ಪ, ತ, ಕ ಎಲ್ಲವನ್ನೂ ನಾನು ದಾಟಿ ಹೋದೆ. ಓಬಮ್ಮ ನಿಂತು, "ಅಲ್ಲಾ ಕಣೇ, ಈಗ್ ನಿಲ್ಲಲೇ ಇಲ್ವಲ್ಲ ನೀನು!" ಅಂದಳು. ಆಗಲೇ ನನಗೂ ಗೊತ್ತಾದದ್ದು. ಒನಕೆ ಬೀಳುವುದು ಕಾಯುವುದಿಲ್ಲ, ಅದಕ್ಕೇ ಮಾತೂ ಕಾಯುವುದಿಲ್ಲ ಅನ್ನಿಸುತ್ತದೆ.

ಹೊಸ್ತಿಲಿನ ಮುಂದೆ ಒನಕೆ ಹಿಡಿದು ನಿಲ್ಲಲು ಆಗುವುದಿಲ್ಲವಲ್ಲ. ಏನು ಮಾಡಲಿ?

ನಿಮ್ಮ
ಏಕನಾಥಮ್ಮ


ಹೊಳಲ್ಕೆರೆ
ಮಾರ್ಗಶಿರ ಶುದ್ಧ ಏಕಾದಶಿ

ಚಿ. ಏಕನಾಥಮ್ಮನಿಗೆ.

ಕಾಗದ ತಲುಪಿತು. ವಾರ್ಧಕ ಷಟ್ಪದಿಯನ್ನು ಎಮ್ಮೆಗೆ ಓದಿ, ಎಮ್ಮೆಯ ಅಭಿಪ್ರಾಯವನ್ನು ಬರೆದು ಕಳಿಸಿದ ಮೊದಲ ಶಿಷ್ಯೆ ನೀನು. ಪ್ರಾಸವಿಲ್ಲದ ಪದ್ಯ ಉಪ್ಪಿಲ್ಲದ ಸಾರು. ಅದನ್ನು ಬಡಿಸುವ ಕೈ ನನ್ನದಲ್ಲ. ಒನಕೆಯ ಪದವೇ ಸಾಕೆಂದಿದ್ದರೆ ನನ್ನನ್ನು ಕೇಳುವ ಅಗತ್ಯವಿರಲಿಲ್ಲ.

ಏಕಾಂತಪ್ಪ


ಹೊಳಲ್ಕೆರೆ
ಮಾರ್ಗಶಿರ ಹುಣ್ಣಿಮೆ

ಮಗಳೇ,

ಹಿಂದಿನ ಕಾಗದವನ್ನು ಒಲೆಗೆ ಹಾಕು. ಅದನ್ನು ಅಂಚೆಗೆ ಹಾಕಿದ ಮೇಲೆ ಬರೆದದ್ದನ್ನು ನಿನ್ನ ಅತ್ತೆಗೆ ಹೇಳಿದೆ. "ಮಗೀನ್ ಬಾಳು ಹೊಸ್ತಿಲ ಮ್ಯಾಲೆ ನಿಂತೈತೆ, ನೀವು ಪ್ರಾಸ ಹಿಡ್ಕಂಡು ಕುಂತೀರಲ್ರಿ!" ಎಂದು ನನ್ನನ್ನು ಊಟಕ್ಕೆ ಕರೆಯುವುದನ್ನೇ ಬಿಟ್ಟಳು. ಹಸಿವಿಗೆ ಬುದ್ಧಿ ಚುರುಕಾಯಿತು ಅಂತಲೇ ಇಟ್ಟುಕೊ.

ನೀನು ಹೇಳಿದ್ದು ಸರಿ. ತಲೆಯಲ್ಲಿ ಹೆಸರು ಇಡಬಾರದು. ನಡೆಯುತ್ತಾ ಇರುವಾಗ ಹೆಸರು ದಾರಿಯಲ್ಲಿ ಸಿಗಬೇಕು. ಶಾಲೆಗೆ ಹೋಗುತ್ತಾ ದಾರಿಯುದ್ದಕ್ಕೂ ನಿನ್ನ ಗಂಡನಾಗುವವನ ಹೆಸರನ್ನು ಗೊಣಗಿದೆ. ಜನ ನಾನು ಜಪ ಮಾಡುತ್ತಿದ್ದೇನೆಂದು ಕೈ ಮುಗಿದರು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು, ಇದು ನಿನಗೆ ನೆನಪಿದೆ. 'ಪಂಚಾ' ನಾಲ್ಕು, 'ಕ್ಷರಪ್' ಮೂರು. ಮೂರು ನಾಲ್ಕು, ಮೂರು ನಾಲ್ಕು, ಅದು ಭಾಮಿನಿ ಷಟ್ಪದಿಯ ನಡಿಗೆ! ಆ ಹೆಸರು ಭಾಮಿನಿಗೇ ಹುಟ್ಟಿದ್ದು, ನಾನು ಅದನ್ನು ಎಳೆದುಕೊಂಡು ಹೋಗಿ ವಾರ್ಧಕದಲ್ಲಿ ಕಟ್ಟಿಹಾಕಿದ್ದೆ. 'ಪಂಚಾ' ನಾಲ್ಕಾದ ಮೇಲೆ ಅದರ ಮುಂದೆ ಮೂರು ಮಾತ್ರೆಯ ಒಂದು ಮಾತು ಬೇಕು. ಎಷ್ಟೋ ಹುಡುಕಿದೆ. ಕೊನೆಗೆ ಸಿಕ್ಕಿದ್ದು 'ನಮ್ಮ'. ನಿನ್ನ ನಾಲಗೆ 'ನ' ದಲ್ಲಿ ಎಂದೂ ನಿಂತದ್ದಿಲ್ಲ.

ಕೋಟೆ ಮೇಲಣ ದೀಪ ಕಂಡೆನು
ದಾಟಿ ಬಂದೆನು ಕೆರೆಯ ಏರಿಯ
ತೋಟದಾಚೆಯ ನಮ್ಮ ಪಂಚಾಕ್ಷರಪ್ಪನ ಮನೆಗೆ

ಅರ್ಧ ಷಟ್ಪದಿ, ಮೂರೇ ಸಾಲು. ಒಡಪಿಗೆ ಅಷ್ಟು ಸಾಕು. ಪ್ರಾಸ ಇದೆ, ಆದರೆ 'ಟ' ಮೆತ್ತಗೆ ಬರುತ್ತದೆ, ಮುಳ್ಳಲ್ಲ. ಏಕವಚನವಾಯಿತೆಂದು ಅಂಜಬೇಡ, ಹೆಸರಿನಲ್ಲೇ ಅಪ್ಪ ಇದ್ದಾನೆ. ಒನಕೆಯ ಬದಲು ಕಾಲಿನ ಹೆಬ್ಬೆರಳು. ಮೂರಕ್ಕೊಂದು, ನಾಲ್ಕಕ್ಕೊಂದು, ಪ್ರತಿ ಗಣದ ತಲೆಗೆ ನೆಲಕ್ಕೆ ತಟ್ಟು. ಮೊದಲು ಬಾಯಿ ಮುಚ್ಚಿಯೇ ಒಂದು ಸಾಲು ತಟ್ಟು, ಆಮೇಲೆ ಬಾಯಿ ತೆರೆ.

'ನಮ್ಮ' ಎನ್ನಲು ನಾಚಿಕೆಯಾದರೆ ಬರೆ, ಬೇರೆ ಹುಡುಕುತ್ತೇನೆ.

ಏಕಾಂತಪ್ಪ


ಯಲ್ಲದಕೆರೆ
ಪುಷ್ಯ ಶುದ್ಧ ತದಿಗೆ

ಮಾವ,

ಬಂತು! ಬಾವಿಗೆ ಹೋಗುವ ದಾರಿಯಲ್ಲಿ ಕೊಡ ಹೊತ್ತುಕೊಂಡು, ಹೆಜ್ಜೆಗೊಂದು ಗಣ ಹಾಕುತ್ತಾ ಹೇಳಿದೆ. ಮೊದಲ ದಿನ ಕೋ ಕೋ ಎಂದು ನಿಂತೆ. ಮೂರನೆಯ ದಿನ ಹೊರಟೆ, ಹೊರಟವಳು ಹಾಗೇ ಹೋದೆ. 'ನಮ್ಮ' ಎಂದ ಮೇಲೆ 'ಪಂಚಾ' ಯಾವಾಗ ಬಂತೋ ನನಗೇ ಗೊತ್ತಾಗಲಿಲ್ಲ. ಕೊಡದ ನೀರು ಅರ್ಧ ಮೈಮೇಲೆ ಚೆಲ್ಲಿತು. ಓಬಮ್ಮ ಎದುರು ಬಂದವಳು ತಬ್ಬಿಕೊಂಡು ಇನ್ನರ್ಧವನ್ನೂ ಚೆಲ್ಲಿಸಿದಳು. ಬೇರೆ ಮಾತು ಹುಡುಕಬೇಡಿ. ನಾಚಿಕೆಯೇನೋ ಆಗುತ್ತದೆ, ಇರಲಿ.

ಈಗ ಇನ್ನೊಂದು ಕೇಳುತ್ತೇನೆ, ಇದು ಒಡಪಿಗಿಂತ ದೊಡ್ಡದು. ನೀವು ಹೊಸದುರ್ಗಕ್ಕೆ ಹೋಗಿ ಅವರಿಗೆ ಹೇಳಿಬಿಡಿ.

ಒಡಪು ಹೇಳಿ ಒಳಗೆ ಹೋದೆ ಅಂತಲೇ ಇಟ್ಟುಕೊಳ್ಳಿ. ಮಾರನೆಯ ದಿನ ನೀರು ಬೇಕಾ ಎಂದು ಕೇಳಬೇಕಲ್ಲ? ದಿನವಿಡೀ ಷಟ್ಪದಿಯಲ್ಲಿ ಮಾತಾಡಲು ಆಗುತ್ತದೆಯೇ? ಆಗ ಅವರಿಗೆ ಏನನ್ನಿಸುತ್ತದೆ? ಮೂರು ಸಾಲು ಕಲಿಸಿ ತಂದು ಮೋಸ ಮಾಡಿದರು ಅನ್ನಿಸುವುದಿಲ್ಲವೇ? ಅಪ್ಪನಿಗೆ ಹೇಳಿದೆ. "ಬಾಯ್ಮುಚ್ಕಂಡಿರು, ಮದ್ವೆ ಆದ್ಮೇಲೆ ಎಲ್ಲಾ ಸರಿ ಹೋಗ್ತೈತೆ" ಅಂದರು. ಬಾಯಿ ಮುಚ್ಚಿಕೊಂಡೇ ಇಷ್ಟು ವರ್ಷವಾಯಿತು, ಏನೂ ಸರಿಹೋಗಿಲ್ಲ.

ಮದುವೆ ಮುರಿದರೆ ಮುರಿಯಲಿ. ಅಳುತ್ತೇನೆ, ಸುಳ್ಳು ಹೇಳುವುದಿಲ್ಲ, ತುಂಬಾ ಅಳುತ್ತೇನೆ. ಆದರೂ ಹೇಳಿ.

ನಿಮ್ಮ
ಏಕನಾಥಮ್ಮ


ಹೊಳಲ್ಕೆರೆ
ಪುಷ್ಯ ಬಹುಳ ಬಿದಿಗೆ

ಮಗಳೇ,

ಹೋಗಿ ಬಂದೆ. ನಿನ್ನ ಅಪ್ಪನಿಗೆ ತಿಳಿದರೆ ನನ್ನನ್ನು ಸುಣ್ಣದ ಗೂಡಿಗೆ ಹಾಕಿ ಸುಡುತ್ತಾನೆ. ಅದು ಆಮೇಲಿನ ಮಾತು.

ಪಂಚಾಕ್ಷರಪ್ಪ ತೋಟದಲ್ಲಿ ಕಾಯಿ ಸುಲಿಸುತ್ತಿದ್ದ. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದು ಎಳನೀರು ಕೊಟ್ಟ. ಆಳುಗಳು ಆಚೆ ಹೋದ ಮೇಲೆ, ಹೆಬ್ಬೆರಳಿನ ತಾಳವನ್ನೂ ಬಿಡದೆ, ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನ ಮುಖ ಬಿಗಿಯಿತು.

"ನೋಡಾಕ್ ಬಂದಾಗ ಯಾಕ್ರಿ ಹೇಳ್ಲಿಲ್ಲ?" ಅಂದ. ತಪ್ಪು ನಮ್ಮದೇ ಎಂದೆ. ಅವನು ತಾನೇ ಒಂದು ಕಾಯಿ ತೆಗೆದುಕೊಂಡು ಸುಲಿಯತೊಡಗಿದ. ಮದುವೆ ಮುರಿಯಿತೆಂದೇ ತಿಳಿದು ನಾನು ಶಲ್ಯ ಹೆಗಲಿಗೆ ಹಾಕಿಕೊಂಡೆ.

ಆಗ ಕೇಳಿದ, "ಈಗ್ ಹೇಳಾಕೆ ನಿಮ್ಮನ್ ಯಾರು ಕಳ್ಸಿದ್ರು? ಅವ್ರಪ್ಪಾರಾ?"

"ಇಲ್ಲ. ಅವಳೇ."

"ಅವ್ರೇನಾ?" ಎಂದು ಕಾಯಿ ಕೆಳಗಿಟ್ಟ. ಮತ್ತೆ ಕೇಳಿದ, "ಮದ್ವೆ ನಿಂತ್ರೂ ನಿಲ್ಲಲಿ ಅಂದ್ರಾ?"

"ಹೌದಪ್ಪ. ನಿಂತರೆ ಅಳುತ್ತೇನೆ ಅಂತಲೂ ಬರೆದಿದ್ದಾಳೆ."

ಅವನು ನಕ್ಕುಬಿಟ್ಟ. "ಹಂಗಾದ್ರೆ ಮದ್ವೆ ನಿಲ್ಲಂಗಿಲ್ಲ ಬಿಡ್ರಿ. ನಮ್ಮಪ್ಪಾರಿಗೆ ನಾನೇ ಹೇಳ್ತೀನಿ, ಸ್ವಲ್ಪ ಕೂಗಾಡ್ತಾರೆ. ಅಜ್ಜಿ ಮಾತ್ರ ಒಡಪು ಬಿಡಾಕಿಲ್ಲ. ದೇವ್ರು ಬಂದ್ರೂ ಹೊಸ್ತಿಲಾಗೆ ನಿಲ್ಸಿ ಹೇಳಿಸ್ತಾಳೆ" ಅಂದ.

ಹೊರಟು ಬರುವಾಗ ತೋಟದ ಬೇಲಿಯವರೆಗೆ ಬಂದು ನನ್ನನ್ನು ಒಂದು ವಿಷಯ ಕೇಳಿದ. ಅದನ್ನು ನಿನಗೆ ತಿಳಿಸಬಾರದೆಂದು ಮಾತು ತೆಗೆದುಕೊಂಡಿದ್ದಾನೆ, ಹಾಗಾಗಿ ಬರೆಯುವುದಿಲ್ಲ. ಅದಕ್ಕಾಗಿ ನಾನು ಒಂದು ದಿನ ಹೆಚ್ಚು ಅಲ್ಲೇ ಉಳಿದೆ. ನೀನು ಹೆಬ್ಬೆರಳು ತಟ್ಟುವುದನ್ನು ಬಿಡಬೇಡ.

ಏಕಾಂತಪ್ಪ


ಹೊಸದುರ್ಗ
ಫಾಲ್ಗುಣ ಶುದ್ಧ ಪಂಚಮಿ

ಪೂಜ್ಯ ಮಾವನವರಿಗೆ ಹೊಸದುರ್ಗದ ಏಕನಾಥಮ್ಮನ ಶರಣು.

ಧಾರೆ ಮುಗಿದ ಕೂಡಲೇ ನಿಮಗೆ ಜ್ವರ ಬಂದು ಊರಿಗೆ ಹೊರಟಿರಿ, ಹೊಸ್ತಿಲ ಕಥೆ ನೋಡಲಿಲ್ಲ. ಅತ್ತೆಯ ಕಷಾಯ ಕುಡಿದು ಗುಣವಾಗಿದ್ದೀರೆಂದು ನಂಬಿ ಎಲ್ಲ ಬರೆಯುತ್ತೇನೆ, ಕೂತು ಓದಿ.

ಗಾಡಿ ಬಂದಾಗ ದೀಪ ಹಚ್ಚಿದ್ದರು. ಬಾಗಿಲ ತುಂಬ ಹೆಂಗಸರು. ಅನ್ನಪೂರ್ಣಜ್ಜಿ ನಡುವೆ ಮಣೆ ಹಾಕಿಕೊಂಡು ಕೂತಿದ್ದಾರೆ, ನ್ಯಾಯ ಹೇಳುವವರ ಹಾಗೆ! ಹೊಸ್ತಿಲಿನ ಮೇಲೆ ಅಕ್ಕಿ ತುಂಬಿದ ಸೇರು. ನನ್ನ ಬಲಗಾಲನ್ನು ಅದರ ಪಕ್ಕಕ್ಕೇ ತಂದು ಇಟ್ಟು, "ಕಾಲು ಅಲ್ಲಾಡಿಸ್ಬ್ಯಾಡ, ಅಕ್ಕಿ ಚೆಲ್ಲಿದ್ರೆ ಒಳ್ಳೇದಲ್ಲ. ಒಡಪು ಹೇಳಿದ್ ಮ್ಯಾಲೇ ಒದೀಬೇಕು" ಅಂದರು.

ಮಾವ, ನಾವಿಬ್ಬರೂ ಇದನ್ನು ಯೋಚಿಸಿರಲಿಲ್ಲ! ಎರಡು ತಿಂಗಳು ನಡೆಯುತ್ತಾ, ಹೆಬ್ಬೆರಳು ತಟ್ಟುತ್ತಾ ಕಲಿತವಳು ನಾನು. ಅಲ್ಲಿ ಕಾಲೇ ಅಲ್ಲಾಡುವಂತಿಲ್ಲ. ಎಡಗಾಲಿನಲ್ಲಿ ತಟ್ಟೋಣವೆಂದರೆ ಸೀರೆಯೆಲ್ಲ ಅಲುಗುತ್ತದೆ.

"ಹೂಂ, ಹೇಳಮ್ಮ" ಅಂದರು ಅಜ್ಜಿ.

ಬಾಯಿ ತೆರೆದೆ. ಕೋ. ಅಷ್ಟೇ. ಮತ್ತೆ ಕೋ. ಹಿಂದೆ ಯಾರೋ ಕಿಸಕ್ಕೆಂದರು. ಇವರ ಅಪ್ಪ, ನನ್ನ ಮಾವನವರು, ಕೆಮ್ಮಿ ಅಂಗಳಕ್ಕೆ ಇಳಿದರು. ಅವ್ವ ಬಂದಿರಲಿಲ್ಲ, ಅಪ್ಪ ಗಾಡಿಯ ಹತ್ತಿರ ತಲೆ ಬಗ್ಗಿಸಿ ನಿಂತಿದ್ದರು.

ಆಗ ಸೆರಗು ಜಗ್ಗಿದಂತಾಯಿತು.

ನನ್ನ ಸೆರಗಿಗೆ ಅವರ ಶಲ್ಯದ ಗಂಟು ಇತ್ತಲ್ಲ. ಮೊದಲು ಎಲ್ಲೋ ಸಿಕ್ಕಿಹಾಕಿಕೊಂಡಿತೆಂದು ತಿಳಿದೆ. ಮತ್ತೆ ಜಗ್ಗಿತು, ಮತ್ತೆ. ಮೂರಕ್ಕೊಂದು. ನಾಲ್ಕಕ್ಕೊಂದು. ಮೂರಕ್ಕೊಂದು, ನಾಲ್ಕಕ್ಕೊಂದು. ಓರೆಗಣ್ಣಿನಲ್ಲಿ ನೋಡಿದೆ. ಅವರು ಏನೂ ಅರಿಯದವರ ಹಾಗೆ ತೊಲೆ ನೋಡುತ್ತಾ ನಿಂತಿದ್ದಾರೆ, ಕೈ ಮಾತ್ರ ಶಲ್ಯದ ಒಳಗಿದೆ. ಒಂದು ಸಾಲು ಹಾಗೇ ಹೋಗಲು ಬಿಟ್ಟೆ. ಎರಡನೆಯ ಸಾಲಿನ ತಲೆಗೆ ಜಗ್ಗಿದಾಗ ಬಾಯಿ ತಾನೇ ತೆರೆಯಿತು.

ಕೋಟೆ ಮೇಲಣ ದೀಪ ಕಂಡೆ. ಕೆರೆಯ ಏರಿ ದಾಟಿದೆ. ತೋಟದಾಚೆ ಬಂದೆ. 'ನಮ್ಮ' ಎನ್ನುವಾಗ ಅವರ ಕೈ ಒಂದು ಕ್ಷಣ ಜಗ್ಗುವುದನ್ನೇ ಮರೆಯಿತು, ನಾನು ಮರೆಯಲಿಲ್ಲ. ಹೆಸರು ಬಂತು ಮಾವ, ಪೂರ್ತಿಯಾಗಿ ಬಂತು!

ಅಜ್ಜಿ ಎದ್ದು ಹತ್ತಿರ ಬಂದು, "ಇನ್ನೊಂದ್ಸಲ ಹೇಳೇ ತಾಯಿ, ಕೊನೇ ಸಾಲು" ಅಂದರು. ಜೀವ ಹೋದಂತಾಯಿತು. ಆದರೂ ಹೇಳಿದೆ. "ನಮ್ಮ ಅಂದ್ಲು ನೋಡ್ರೇ" ಎಂದು ಅಜ್ಜಿ ಎಲ್ಲರ ಕಡೆ ತಿರುಗಿ ಹೇಳಿದರು. "ಈ ಮನ್ಯಾಗೆ ಇಷ್ಟು ಜನ ಸೊಸೇರು ಬಂದ್ರು, ಹೊಸ್ತಿಲ ಆಚೆ ನಿಂತು ಯಾರೂ ಹಂಗ್ ಅಂದಿರ್ಲಿಲ್ಲ."

ಆಮೇಲೆ ಮೊಮ್ಮಗನ ಕಡೆ ತಿರುಗಿ, "ಈಗ್ ನಿನ್ ಸರದಿ ಕಣಪ್ಪ" ಅಂದರು. ಅವರು ಗಂಟಲು ಸರಿಮಾಡಿಕೊಂಡು ಒಂದೇ ಸಾಲು ಹೇಳಿದರು:

ಏಕನಾಥಮ್ಮನಿಗು ಮನೆಯಿದು

"ಅಷ್ಟೇನಾ?" ಎಂದು ಹೆಂಗಸರೆಲ್ಲ ಗಲಾಟೆ ಎಬ್ಬಿಸಿದರು. "ಅಷ್ಟೇ" ಅಂದರು ಇವರು. ನಾನು ಸೇರು ಒದ್ದು ಒಳಗೆ ಬಂದೆ. ಅಕ್ಕಿ ಅಡಿಗೆಮನೆಯ ಬಾಗಿಲವರೆಗೂ ಹರಡಿತಂತೆ, ಅಷ್ಟು ಜೋರಾಗಿ ಒದ್ದಿದ್ದೇನೆ!

ಮಾತು ಈಗಲೂ ನಿಲ್ಲುತ್ತದೆ. ಮಾರನೆಯ ದಿನ ಉಪ್ಪು ಕೇಳಲು ಹೋಗಿ ಉ ಉ ಎಂದು ನಿಂತೆ. ಇಲ್ಲಿಯ ಅತ್ತೆಯವರು ನನ್ನ ಮುಖವನ್ನೇ ನೋಡಿದರು. ಅಜ್ಜಿ ಒಲೆಯ ಮುಂದಿನಿಂದ ಏಳದೆಯೇ, "ನಿಧಾನಕ್ ಹೇಳವ್ವ, ರೊಟ್ಟಿ ಇನ್ನೂ ಬೇಯ್ಬೇಕು" ಅಂದರು. ಮಾವನವರು ನಾಲ್ಕು ದಿನ ಅಪ್ಪನನ್ನು ಬೈದರು, ಐದನೆಯ ದಿನ ನನ್ನ ಕೈಯಲ್ಲಿ ಪಂಚಾಂಗ ಓದಿಸಿ ಕೇಳಿದರು. ತಡೆದು ತಡೆದು ಓದಿದೆ. ಕೇಳಿದರು.

ಒಂದು ಅನುಮಾನವಿದೆ. ಇವರು ಹೇಳಿದ ಆ ಸಾಲನ್ನು ಕಟ್ಟಿಕೊಟ್ಟದ್ದು ನೀವೇ ಅಲ್ಲವೇ? ಕೇಳಿದರೆ ನಗುತ್ತಾರೆ, ಹೇಳುವುದಿಲ್ಲ.

ಸಂವತ್ಸರದ ಹೆಸರು ಪರಾಭವವೆಂದು ಕಾರ್ತಿಕದಲ್ಲಿ ಎಷ್ಟು ಹೆದರಿದ್ದೆ ಎಂದು ನೆನೆಸಿಕೊಂಡರೆ ಈಗ ನಗು ಬರುತ್ತದೆ.

ನಿಮ್ಮ ಸೊಸೆ,
ಏಕನಾಥಮ್ಮ


ಹೊಳಲ್ಕೆರೆ
ಫಾಲ್ಗುಣ ಶುದ್ಧ ದಶಮಿ

ಚಿ. ಸೌ. ಏಕನಾಥಮ್ಮನಿಗೂ ಚಿ. ಪಂಚಾಕ್ಷರಪ್ಪನಿಗೂ ಆಶೀರ್ವಾದ.

ಜ್ವರ ಬಿಟ್ಟಿದೆ. ನಿನ್ನ ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳುತ್ತಿದ್ದೆ. ಸೆರಗು ಜಗ್ಗುವ ಕಡೆ ಬಂದಾಗ ನನಗೇ ಓದಲಾಗಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ದೂ ನಿಲ್ತೈತೆ ನೋಡ್ರಿ ಮಾತು" ಎಂದು ನಕ್ಕಳು.

ಈಗ ನನ್ನ ಮಾತಿನ ಕಟ್ಟು ಬಿಟ್ಟಿತು, ಹೇಳಬಹುದು. ಬೇಲಿಯ ಹತ್ತಿರ ಅವನು ಕೇಳಿದ್ದು ಇಷ್ಟೇ, "ಆ ನಡಿಗೆ ನಂಗೂ ಕಲ್ಸಿಕೊಡ್ರಿ ಮೇಷ್ಟ್ರೇ." ಒಂದು ದಿನವೆಲ್ಲ ತೋಟದಲ್ಲಿ ಅವನಿಂದ ತೆಂಗಿನ ಮರಕ್ಕೆ ತಾಳ ಹಾ‌ಕಿಸಿದೆ. ಬಹಳ ದಡ್ಡ ಶಿಷ್ಯ, ನಾಲ್ಕನ್ನು ಐದು ಮಾಡುತ್ತಿದ್ದ. ಸಂಜೆಯ ಹೊತ್ತಿಗೆ ಬಂತು. ನಾನು ಕಲಿಸಿದ್ದು ತಾಳ ಮಾತ್ರ. ಸಾಲು ನನ್ನದಲ್ಲ.

ನನ್ನದಲ್ಲ ಎನ್ನುವುದಕ್ಕೆ ಸಾಕ್ಷಿಯೂ ಇದೆ. ನಿನ್ನ ಮೂರು ಸಾಲಿನ ಕೆಳಗೆ ಅವನ ಸಾಲನ್ನು ಬರೆದು ನೋಡಿದೆ. ಮೂರು ನಾಲ್ಕು, ಮೂರು ನಾಲ್ಕು, ಮಾತ್ರೆ ಒಂದೂ ಹೆಚ್ಚು ಕಡಿಮೆಯಿಲ್ಲ. ನಿನ್ನ ಹೆಸರಿಗೆ ಮುಂದೆ 'ನಮ್ಮ' ಎಂಬಂಥ ಮೆಟ್ಟಿಲೂ ಬೇಡ, ತಲೆಯಲ್ಲೇ ಸರಿಯಾಗಿ ಕೂರುತ್ತದೆ. ಆದರೆ 'ಟ' ಇರಬೇಕಾದಲ್ಲಿ 'ಕ' ಇದೆ. ಪ್ರಾಸ ತಪ್ಪಿದೆ.

ಶಾಲೆಯಲ್ಲಿ ಇದಕ್ಕೆ ಎಷ್ಟೋ ಹುಡುಗರ ಕಿವಿ ಹಿಂಡಿದ್ದೇನೆ. ತಿದ್ದೋಣವೆಂದು ಲೇಖನಿ ಎತ್ತಿಕೊಂಡು ಬಹಳ ಹೊತ್ತು ಕೂತಿದ್ದೆ. ಆಮೇಲೆ ಕೆಳಗಿಟ್ಟೆ. ಅದು ಹಾಗೇ ಇರಲಿ.

ಷಟ್ಪದಿಗೆ ಇನ್ನು ಎರಡು ಸಾಲು ಬೇಕು. ನೀವಿಬ್ಬರೂ ಕೂತು ಬರೆಯಿರಿ. ನನಗೆ ತೋರಿಸಬೇಕೆಂದೇನೂ ಇಲ್ಲ.

ಏಕಾಂತಪ್ಪ